ನೀಲಿ ಗೆರೆ ಕಂಡಲ್ಲೆಲ್ಲ ನೀರಿಲ್ಲ

ಪ್ರಶ್ನೆ: ಅರಿಜೋನಾದ ದನ ಮೇಯಿಸುವ ಸೀಮೆಯಲ್ಲಿ ಎರಡು ದಿನ ನಡೆಯಬೇಕೆಂದಿದ್ದೇವೆ. ನೆಲದ ಏರಿಳಿತ ತೋರಿಸುವ ಟೋಪೋ ನಕ್ಷೆಯಲ್ಲಿ ದಾರಿಯುದ್ದಕ್ಕೂ ನೀಲಿ ಗೆರೆಗಳಿವೆ. ಆದರೂ ನೀರು ಹೊತ್ತೊಯ್ಯಬೇಕೆ?

ಹೊರಲೇಬೇಕು, ಎರಡು ದಿನಕ್ಕೆ ಬೇಕಾದಷ್ಟೂ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೆ ಬರೆಯುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ನಮ್ಮವರು ಎಡವುವುದಕ್ಕೆ ಕಾರಣವೂ ಇದೆ. ಭೂಗೋಳದ ತರಗತಿಯಲ್ಲಿ ನಾವು ನೋಡಿದ್ದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟು. ಅದರಲ್ಲಿ ನೀರಿರುವ ಹೊಳೆ ನೀಲಿ, ಒಣಹಳ್ಳ ಕಪ್ಪು. ಆ ಪಾಠ ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ 1:24,000 ಹಾಳೆಗಳಲ್ಲಿ ಎರಡಕ್ಕೂ ನೀಲಿಯೇ! ವ್ಯತ್ಯಾಸ ಬಣ್ಣದಲ್ಲಿಲ್ಲ, ಗೆರೆಯಲ್ಲಿದೆ. ಕಡಿಯದ ಗೆರೆಯಾದರೆ ವರ್ಷವಿಡೀ ಹರಿಯುವ ತೊರೆ. ಒಂದು ತುಂಡು ಗೆರೆ, ಮೂರು ಚುಕ್ಕಿ, ಮತ್ತೆ ತುಂಡು ಗೆರೆ ಎಂದಿದ್ದರೆ ಮಳೆ ಬಂದಾಗಷ್ಟೇ ಹರಿಯುವ ಹಳ್ಳ. ಅಲ್ಲಿನವರು ಅದನ್ನು ವಾಶ್ ಅನ್ನುತ್ತಾರೆ. ಆ ಸೀಮೆಯ ಹಾಳೆ ತೆರೆದರೆ ಹೆಚ್ಚಿನವು ಈ ಎರಡನೇ ಬಗೆಯವೇ. ಏಪ್ರಿಲ್‌ನಲ್ಲಿ ನಮ್ಮ ಬಯಲುಸೀಮೆಯ ಹಳ್ಳ ನೋಡಿದವರಿಗೆ ಅಲ್ಲಿರುವುದೇನೆಂದು ಹೇಳಬೇಕಿಲ್ಲ: ಮರಳು.

ಹಾಗೆಂದು ಆ ಮರಳಿನ ಮೇಲೆ ಡೇರೆ ಹಾಕಬೇಡಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೂರದ ಬೆಟ್ಟದಲ್ಲಿ ಸುರಿದ ಮಳೆ, ನಿಮ್ಮ ತಲೆಯ ಮೇಲೆ ಮೋಡವೇ ಇಲ್ಲದಿದ್ದರೂ, ಪ್ರವಾಹವಾಗಿ ನುಗ್ಗಿ ಬರುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಕಾಂಟೂರ್ ಗೆರೆಗಳು ಹಳ್ಳ ದಾಟುವಲ್ಲಿ ಚೂಪಾಗಿ ಬಾಗುತ್ತವಲ್ಲ, ಆ ಚೂಪು ತೋರಿಸುವ ಕಡೆಯೇ ಮೇಲ್ದಿಕ್ಕು. ನೀರು ಬರುವುದು ಅಲ್ಲಿಂದ.

ಕಡಿಯದ ಗೆರೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಹಾಳೆಯ ಮೇಲಿನ ಇಸವಿ ಓದಿ. ಹಲವು ಹಾಳೆಗಳು ದಶಕಗಳ ಹಿಂದಿನ ವೈಮಾನಿಕ ಚಿತ್ರ ನೋಡಿ ಬರೆದಂಥವು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅದೇ ನಕ್ಷೆಯಲ್ಲಿ ಅಲ್ಲಲ್ಲಿ 'ಟ್ಯಾಂಕ್' ಎಂದು ಬರೆದಿರುತ್ತದೆ. ಅದು ಮನೆಯ ತಾರಸಿ ಮೇಲಿನ ಟ್ಯಾಂಕ್ ಅಲ್ಲ, ಬೆಂಗಳೂರಿನ ಟ್ಯಾಂಕ್ ಬಂಡ್ ರಸ್ತೆಯಲ್ಲಿರುವ ಟ್ಯಾಂಕ್, ಅಂದರೆ ಕೆರೆ. ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿ ದನಗಳಿಗೆಂದು ನೀರು ನಿಲ್ಲಿಸಿದ ಪುಟ್ಟ ಕಟ್ಟೆ. ನಾಲ್ಕಾರು ಜೀಪು ದಾರಿಗಳು ಒಂದೇ ಚುಕ್ಕೆಯಲ್ಲಿ ಸೇರುತ್ತಿದ್ದರೆ ಅಲ್ಲೊಂದು ಕಟ್ಟೆಯೋ ಗಾಳಿಯಂತ್ರದ ಬಾವಿಯೋ ಇದೆಯೇ ಎಂದು ಹುಡುಕಿ. ಕಟ್ಟೆ ಸಿಕ್ಕಿ, ಅದರಲ್ಲಿ ನೀರೂ ಇದ್ದರೆ, ಪಕ್ಕದಲ್ಲೇ ಬಿಡಾರ ಹೂಡಬೇಡಿ. ಜನರಿಗೆ ಹೆದರಿ ದನ ಮತ್ತು ಕಾಡುಪ್ರಾಣಿಗಳು ಹತ್ತಿರ ಬರುವುದಿಲ್ಲ. ಅವಕ್ಕಿರುವ ಒಂದೇ ನೀರಿಗೆ ಹೀಗೆ ಅಡ್ಡಿಯಾಗುವಂತೆ ಕಾಲು ಮೈಲಿಯೊಳಗೆ ತಂಗುವುದು ಅರಿಜೋನಾ ಕಾನೂನಿನಲ್ಲಿ ಅಪರಾಧ.