ಪರ್ಫ್ ಎಣಿಸುತ್ತಿರುವಾಗಲೇ ಡಿವೈಸ್ ಕಿತ್ತರೆ?

ಒಂದು ಟರ್ಮಿನಲ್‌ನಲ್ಲಿ ಪರ್ಫ್ ಸ್ಟ್ಯಾಟ್ (ಹಾರ್ಡ್‌ವೇರ್ ಈವೆಂಟ್‌ಗಳನ್ನು ಎಣಿಸುವ ಲಿನಕ್ಸ್ ಸಾಧನ) ಓಡುತ್ತಿತ್ತು. ಇನ್ನೊಂದರಲ್ಲಿ, ಅದು ಎಣಿಸುತ್ತಿದ್ದ ಡಿವೈಸಿನ ಹೆಸರನ್ನು ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಫೈಲಿಗೆ (ಡಿವೈಸನ್ನು ಡ್ರೈವರಿನಿಂದ ಬಿಡಿಸುವ ಫೈಲ್) ಎಕೋ ಮಾಡಿದೆ. ಏನೂ ಆಗಲಿಲ್ಲ. ಪರವಾಗಿಲ್ವೇ ಅಂದುಕೊಂಡು ಮೊದಲ ಟರ್ಮಿನಲ್‌ಗೆ ಹೋಗಿ ಕಂಟ್ರೋಲ್-ಸಿ ಒತ್ತಿದೆ. ಆಗ ಬಂತು ನೋಡಿ, ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಕಸಾನ್‌ನ ಮಾರುದ್ದದ ವರದಿ: ಯೂಸ್-ಆಫ್ಟರ್-ಫ್ರೀ, ಅಂದರೆ ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಮುಟ್ಟಿದ್ದು. ಡ್ರೈವರ್ ಬರೆದವನು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ.

ಎಣಿಸುವ ಹಾರ್ಡ್‌ವೇರನ್ನು ಡ್ರೈವರ್ ಪರ್ಫ್‌ಗೆ ಪರಿಚಯಿಸುವುದು ಪಿಎಂಯು ಸ್ಟ್ರಕ್ಟಿನ ಮೂಲಕ. ಅದರಲ್ಲಿ ಮಾಡ್ಯೂಲ್ ಎಂಬ ಫೀಲ್ಡ್ ಇದೆ. ಅದನ್ನು ತುಂಬಿದರೆ, ಈವೆಂಟ್ ತೆರೆದಾಗೆಲ್ಲ ಕರ್ನಲ್ ಆ ಮಾಡ್ಯೂಲಿನ ಬಳಕೆಯ ಲೆಕ್ಕ ಒಂದು ಏರಿಸುತ್ತದೆ. ಈವೆಂಟ್ ಮುಚ್ಚುವವರೆಗೆ ಮಾಡ್ಯೂಲ್ ಕಿತ್ತುಹಾಕುವ ಆರ್‌ಎಂಮಾಡ್ ನಡೆಯುವುದಿಲ್ಲ. ನಾನು ಇಷ್ಟಕ್ಕೇ ನಿಶ್ಚಿಂತೆಯಿಂದ ಇದ್ದೆ. ಆದರೆ ಆ ಲೆಕ್ಕ ಕಾಯುವುದು ಕೋಡನ್ನು ಮಾತ್ರ, ಡಿವೈಸನ್ನಲ್ಲ. ಅನ್‌ಬೈಂಡ್‌ಗೆ ಮಾಡ್ಯೂಲಿನ ಲೆಕ್ಕದ ಗೊಡವೆಯೇ ಇಲ್ಲ. ಅದು ನೇರ ರಿಮೂವ್ ಫಂಕ್ಷನ್ನನ್ನು ಕರೆಯುತ್ತದೆ. ‘ಈಗ ಆಗಲ್ಲ, ಆಮೇಲೆ ಬನ್ನಿ’ ಎನ್ನಲು ರಿಮೂವ್‌ಗೆ ಅವಕಾಶವಿಲ್ಲ.

ಪಿಎಂಯು ಸ್ಟ್ರಕ್ಟನ್ನು ಡೆವ್‌ಎಂ (ಡಿವೈಸಿನ ಜೊತೆಗೇ ಮೆಮೊರಿಯನ್ನೂ ತಾನಾಗಿ ಬಿಡುಗಡೆ ಮಾಡುವ ವ್ಯವಸ್ಥೆ) ಮೂಲಕ ಅಲೊಕೇಟ್ ಮಾಡಿದ್ದರೆ ಕಥೆ ಮುಗಿಯಿತು. ರಿಮೂವ್ ಮುಗಿದ ಕೂಡಲೇ ಆ ಮೆಮೊರಿ ಬಿಡುಗಡೆ. ತೆರೆದ ಈವೆಂಟ್ ಮಾತ್ರ ಇನ್ನೂ ಅದೇ ವಿಳಾಸ ಹಿಡಿದುಕೊಂಡಿರುತ್ತದೆ. ಕಂಟ್ರೋಲ್-ಸಿ ಒತ್ತಿದಾಗ ಪರ್ಫ್ ಹೋಗಿ, ಎಣಿಕೆ ನಿಲ್ಲಿಸುವ ಡೆಲ್ ಕಾಲ್‌ಬ್ಯಾಕ್ ಹುಡುಕಿದ್ದು ಅಲ್ಲೇ. ಡೆವ್‌ಎಂ ಅಂದರೆ ನನಗೂ ಇಷ್ಟ, ಪ್ರೋಬ್ ಕೋಡ್ (ಡಿವೈಸ್ ಸಿಕ್ಕಾಗ ಓಡುವುದು) ಚೊಕ್ಕಟವಾಗಿರುತ್ತದೆ. ಆದರೆ ಡಿವೈಸಿಗಿಂತ ಜಾಸ್ತಿ ಬಾಳುವ ವಸ್ತುವಿಗೆ ಅದು ಸಲ್ಲದು.

ಆರ್ಮ್ ಕಡೆಯ ಎಷ್ಟೋ ಪಿಎಂಯು ಡ್ರೈವರ್‌ಗಳು ಸುಲಭದ ದಾರಿ ಹಿಡಿದಿವೆ: ಸಪ್ರೆಸ್_ಬೈಂಡ್_ಆಟ್ರ್ಸ್ ಅನ್ನು ಟ್ರೂ ಮಾಡಿದರೆ ಅನ್‌ಬೈಂಡ್ ಫೈಲೇ ಕಾಣಿಸುವುದಿಲ್ಲ. ಚಿಪ್ಪಿನೊಳಗೇ ಕೂತ ಹಾರ್ಡ್‌ವೇರಿಗೆ ಇಷ್ಟು ಸಾಕು, ಅದನ್ನು ಯಾರೂ ಕೈಯಿಂದ ಕೀಳುವುದಿಲ್ಲವಲ್ಲ. ಪಿಸಿಐ ಕಾರ್ಡಿಗೆ ಸಾಲದು. ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಬೇರೆ ಉಪಾಯ ಮಾಡಿತ್ತು. ಪ್ರತಿ ಈವೆಂಟೂ ಡಿವೈಸಿನ ಒಂದು ರೆಫರೆನ್ಸ್ ಹಿಡಿಯುತ್ತಿತ್ತು, ಡಿವೈಸ್ ಹೋದಾಗ ‘ಕ್ಲೋಸ್ಡ್’ ಎಂಬ ಗುರುತು ಬೀಳುತ್ತಿತ್ತು. ಗುರುತು ಕಂಡ ಕಾಲ್‌ಬ್ಯಾಕ್ ಹಾರ್ಡ್‌ವೇರ್ ಮುಟ್ಟದೆ ವಾಪಸು. ಕೊನೆಯ ಈವೆಂಟ್ ಮುಚ್ಚಿದ ಮೇಲಷ್ಟೇ ಮೆಮೊರಿ ಬಿಡುಗಡೆ.

2025ರಲ್ಲಿ ಕರ್ನಲ್‌ನವರು ಪರ್ಫ್‌ನ ಒಳಗೇ ಇದನ್ನು ಸರಿಮಾಡಿದರು. ಈಗ ಪರ್ಫ್_ಪಿಎಂಯು_ಅನ್‌ರಿಜಿಸ್ಟರ್ ಕರೆದರೆ ತೆರೆದಿರುವ ಈವೆಂಟ್‌ಗಳನ್ನು ಅದೇ ಹುಡುಕಿ ಬಿಡಿಸುತ್ತದೆ, ಅವಕ್ಕೆ ‘ರಿವೋಕ್ಡ್’ ಸ್ಥಿತಿ ಕೊಡುತ್ತದೆ. ಆದರೆ ಗ್ರಾಹಕರ ಮೆಷಿನ್‌ಗಳಲ್ಲಿ ಹಳೆಯ 6.6, 6.12 ಕರ್ನಲ್‌ಗಳು ಇನ್ನೂ ಓಡುತ್ತಿವೆ. ಅಲ್ಲಿಗೆ ಹೋಗುವ ಡ್ರೈವರಿನಲ್ಲಿ ನಾನು ಐ915 ದಾರಿಯನ್ನೇ ಹಿಡಿಯುತ್ತೇನೆ.

ಬಿಚ್ಚುವ ಕ್ರಮವೂ ಮುಖ್ಯ. ಮೊದಲು ಅನ್‌ರಿಜಿಸ್ಟರ್, ಆಮೇಲೆ ಸಿಪಿಯು ಹಾಟ್‌ಪ್ಲಗ್ ಇನ್‌ಸ್ಟೆನ್ಸ್ (ಸಿಪಿಯು ಆನ್-ಆಫ್ ಆದಾಗ ಡ್ರೈವರಿಗೆ ತಿಳಿಸುವ ನೋಂದಣಿ) ತೆಗೆಯುವುದು. ಪ್ರೋಬ್‌ನಲ್ಲಿ ಕಟ್ಟಿದ್ದಕ್ಕೆ ಸರಿಯಾಗಿ ತಲೆಕೆಳಗು.

ಇನ್ನೊಂದು ತಮಾಷೆ. ಕಾರ್ಡನ್ನು ಹೇಳದೆ ಕೇಳದೆ ಎಳೆದರೆ ಪಿಸಿಐ ರೀಡ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ. 32 ಬಿಟ್ಟಿನ ಕೌಂಟರಿನಲ್ಲಿ ಹಿಂದಿನ ಓದು 100 ಇತ್ತು ಅನ್ನಿ. ವ್ಯತ್ಯಾಸ ತೆಗೆದರೆ ಒಂದೇ ಏಟಿಗೆ 429 ಕೋಟಿ ಈವೆಂಟ್! ಕ್ರ್ಯಾಶ್ ಇಲ್ಲ, ಲಾಗ್ ಇಲ್ಲ. ಗ್ರಾಫಿನಲ್ಲಿ ಒಂದು ಗೋಪುರ ಎದ್ದಿರುತ್ತದೆ, ಯಾವನೋ ಪಾಪ ವಾರಗಟ್ಟಲೆ ಅದರ ಕಾರಣ ಹುಡುಕುತ್ತಿರುತ್ತಾನೆ. ಹಾಗಾಗಿ ಎಲ್ಲ ಬಿಟ್‌ಗಳೂ 1 ಬಂದರೆ ನನ್ನ ರೀಡ್ ಕಾಲ್‌ಬ್ಯಾಕ್ ಮೊದಲು ಡಿವೈಸ್ ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಹಳೆಯ ಲೆಕ್ಕವನ್ನೇ ಉಳಿಸಿಕೊಳ್ಳುತ್ತದೆ.