ಎರಡು ಭರಣಿ ‘ಸಮ’ ಅಂದ್ರೆ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಶಿರಸಿ ಹತ್ತಿರದ ನಮ್ಮೂರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಸ್ಪರ್ಧೆ ಇಟ್ಟಿದ್ದೆವು. ತೀರ್ಪುಗಾರರು ಇಬ್ಬರು. ಇಬ್ಬರೂ ಒಂದೊಂದು ಕಡೆ ‘ಇವೆರಡೂ ಸಮ’ ಎಂದು ಬರೆದುಬಿಟ್ಟರು. ಇಬ್ಬರ ಅಭಿಪ್ರಾಯ ಎಷ್ಟು ಹೊಂದುತ್ತದೆ ಎಂದು ನೋಡಲು ಕೆಂಡಾಲ್ ಟೌ ಲೆಕ್ಕ ಹಾಕಿದರೆ ನನಗೆ 0.6 ಬಂತು. ಮಗನ ಕಂಪ್ಯೂಟರ್ 0.67 ಅನ್ನುತ್ತದೆ. ಪಕ್ಕದ ಮನೆಯ ಹುಡುಗಿ 0.8 ಅಂತಾಳೆ. ಯಾವುದು ಸರಿ?

ಉತ್ತರ: ಹುಡುಗಿಯದು ತಪ್ಪು. ನಿಮ್ಮದು, ಮಗನದು ಎರಡೂ ಸರಿ.

ನೀವು ಕಳಿಸಿದ ಪಟ್ಟಿಯನ್ನೇ ನೋಡೋಣ. ಭರಣಿಗಳಿಗೆ ಕ, ಚ, ಟ, ತ, ಪ ಎಂದು ಹೆಸರಿಡುತ್ತೇನೆ. ಮೊದಲನೆಯವರಿಗೆ ಕ ಎಲ್ಲಕ್ಕಿಂತ ರುಚಿ, ಆಮೇಲೆ ಚ ಮತ್ತು ಟ ಸಮ, ನಂತರ ತ, ಕೊನೆಗೆ ಪ. ಎರಡನೆಯವರಿಗೆ ಚ ಮೊದಲು, ಆಮೇಲೆ ಕ, ಟ. ಕೊನೆಯ ತ, ಪ ಸಮ.

ಕೆಂಡಾಲ್ ದಾರಿ ಸರಳ. ಭರಣಿಗಳನ್ನು ಎರಡೆರಡಾಗಿ ಎದುರು ಬದುರು ಇಡಿ. ಐದು ಭರಣಿಗೆ 10 ಜೋಡಿ. ಏಳು ಜೋಡಿಯಲ್ಲಿ ಇಬ್ಬರದೂ ಒಂದೇ ಮಾತು. ಕ–ಚ ಜೋಡಿಯಲ್ಲಿ ಮಾತ್ರ ಉಲ್ಟಾ. ಉಳಿದ ಎರಡರಲ್ಲಿ, ಅಂದರೆ ಚ–ಟ ಮತ್ತು ತ–ಪದಲ್ಲಿ, ಒಬ್ಬರು ಮೇಲು ಕೀಳು ಹೇಳಿದ್ದಾರೆ, ಇನ್ನೊಬ್ಬರು ಸಮ ಅಂದಿದ್ದಾರೆ. ಏಳರಲ್ಲಿ ಒಂದು ಕಳೆದರೆ ಆರು. ಇಲ್ಲಿವರೆಗೆ ಯಾರದೂ ತಕರಾರಿಲ್ಲ. ಆರನ್ನು ಎಷ್ಟರಿಂದ ಭಾಗಿಸಬೇಕು ಅನ್ನೋದೇ ಜಗಳ.

ನೀವು 10ರಿಂದ ಭಾಗಿಸಿದಿರಿ, 0.6. ಇದು ಟೌ-ಎ. ಮಗನ ಕಂಪ್ಯೂಟರ್ ಹಾಕಿದ್ದು ಟೌ-ಬಿ. ಅದು ಪ್ರತಿಯೊಬ್ಬರೂ ಬಾಯಿ ಬಿಟ್ಟು ಹೆಚ್ಚು ಕಡಿಮೆ ಹೇಳಿದ ಜೋಡಿಗಳನ್ನಷ್ಟೇ ಎಣಿಸುತ್ತದೆ. ಇಬ್ಬರಿಗೂ ಒಂಬತ್ತೊಂಬತ್ತು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 9. ಆರು ಭಾಗಿಸು ಒಂಬತ್ತು, 0.67. ಮಾರಿಸ್ ಕೆಂಡಾಲ್ ಮೂಲ ಲೆಕ್ಕವನ್ನು ಪ್ರಕಟಿಸಿದ್ದು 1938ರಲ್ಲಿ. ಸಮ ಬಂದರೆ ಏನು ಮಾಡಬೇಕು ಎಂಬ ಲೇಖನ ಬರೆದದ್ದು 1945ರಲ್ಲಿ.

ಇನ್ನು 0.8. ಆ ಹುಡುಗಿ ಸಮ ಇದ್ದಲ್ಲೂ ಹಾಳೆಯಲ್ಲಿ ಮೊದಲು ಕಂಡ ಹೆಸರಿಗೆ ಮೇಲಿನ ನಂಬರ್ ಕೊಟ್ಟು 1ರಿಂದ 5 ತುಂಬಿದ್ದಾಳೆ. ಸುಮ್ನೆ ಹಾಳೆಯನ್ನು ತಲೆಕೆಳಗಾಗಿ ಓದಿದ್ದರೆ ಟ ಚಗಿಂತ ಮೇಲೆ, ಪ ತಗಿಂತ ಮೇಲೆ ಬರುತ್ತಿತ್ತು. ಆಗ ಉತ್ತರ 0.4! ಉಪ್ಪಿನಕಾಯಿ ಅದೇ, ನಾಲಿಗೆ ಅದೇ. ಹೀಗೆ ಸಮವನ್ನು ಒಡೆಯುವ ದಾರಿ ನಾಲ್ಕು: 0.8, 0.6, 0.6, 0.4. ಸರಾಸರಿ ತೆಗೆದು ನೋಡಿ, ನಿಮ್ಮ 0.6 ಸಿಗುತ್ತದೆ.

ಹಾಗಾದ್ರೆ ನಿಮ್ಮದಾ, ಮಗನದಾ? ತೀರ್ಪುಗಾರರನ್ನೇ ಕೇಳಿ. ‘ವ್ಯತ್ಯಾಸ ಇದ್ದೇ ಇರಬೇಕು, ಆದರೆ ಅಷ್ಟೊತ್ತಿಗೆ ಖಾರಕ್ಕೆ ನಾಲಿಗೆ ಮರಗಟ್ಟಿತ್ತು’ ಅಂದರೆ ಟೌ-ಎ ಇಟ್ಟುಕೊಳ್ಳಿ. ‘ಎರಡರಲ್ಲೂ ಸೊನೆ ಪರಿಮಳ ಒಂದೇ, ನಿಜಕ್ಕೂ ಸಮ’ ಅಂದರೆ ಟೌ-ಬಿ. ಯಾಕಂದ್ರೆ ಟೌ-ಎಯಲ್ಲಿ ಮೊದಲನೆಯವರ ಪಟ್ಟಿಯನ್ನು ಅದೇ ಪಟ್ಟಿಯ ಜೊತೆ ಹೋಲಿಸಿದರೂ 0.9 ದಾಟೋದಿಲ್ಲ. ತನ್ನ ಮಾತನ್ನು ತಾನೇ ಪೂರ್ತಿ ಒಪ್ಪದ ತೀರ್ಪುಗಾರ, ವಿಚಿತ್ರ ಅಲ್ವಾ? ಟೌ-ಬಿಯಲ್ಲಿ ಸರಿಯಾಗಿ 1 ಬರುತ್ತದೆ.

ಗಾಮಾ ಅಂತ ಇನ್ನೊಂದಿದೆ. ಅದು ಸಮ ಬಂದ ಜೋಡಿಗಳನ್ನು ಬಿಟ್ಟೇಬಿಡುತ್ತದೆ. ಆರು ಭಾಗಿಸು ಎಂಟು, 0.75. ನನಗೆ ಅಷ್ಟು ಇಷ್ಟವಿಲ್ಲ. ಒಬ್ಬ ಸೋಮಾರಿ ತೀರ್ಪುಗಾರ ಒಂದೇ ಒಂದು ಭರಣಿಯನ್ನು ಮೇಲಿಟ್ಟು ಉಳಿದೆಲ್ಲ ಸಮ ಅಂದರೂ, ಆ ಒಂದು ಭರಣಿ ಇನ್ನೊಬ್ಬರಿಗೂ ಮೊದಲನೆಯದಾದರೆ ಸಾಕು, ಪೂರ್ತಿ 1 ಕೊಟ್ಟುಬಿಡುತ್ತದೆ.

ಜೋಡಿಗಳ ಬದಲು ಸ್ಥಾನಗಳನ್ನೇ ಹೋಲಿಸುವ ಸ್ಪಿಯರ್‌ಮನ್ ಲೆಕ್ಕ ಬೇಕಿದ್ದರೆ ಸಮ ಬಂದವರಿಗೆ ಸ್ಥಾನದ ಸರಾಸರಿ ಕೊಡಿ. 2 ಮತ್ತು 3ರ ಜಾಗ ಹಂಚಿಕೊಂಡ ಚ, ಟ ಎರಡಕ್ಕೂ 2.5. ಆಮೇಲೆ ಸ್ಥಾನಗಳ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ 6ರಿಂದ ಗುಣಿಸುವ ಪುಸ್ತಕದ ಸೂತ್ರಕ್ಕೆ ಹೋಗಬೇಡಿ, ಅದು ಸಮ ಇಲ್ಲದ ಪಟ್ಟಿಗೆ ಮಾಡಿದ್ದು. ಸ್ಥಾನಗಳ ಮೇಲೆ ಮಾಮೂಲಿ ಸಹಸಂಬಂಧ (ಪಿಯರ್ಸನ್ ಕೋರಿಲೇಶನ್) ಲೆಕ್ಕ ಹಾಕಿ. ಸೂತ್ರ 0.80 ಕೊಟ್ಟರೆ ಇದು 0.79 ಕೊಡುತ್ತದೆ. ಸಮ ಜಾಸ್ತಿ ಆದಷ್ಟೂ ಅಂತರ ಬೆಳೆಯಬಹುದು.

ಫಲಿತಾಂಶದ ಹಾಳೆಯಲ್ಲಿ ಬರೀ ‘ಟೌ’ ಎಂದು ಬರೆಯಬೇಡಿ. ಎ ಇಲ್ಲವೇ ಬಿ ಸೇರಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಮಿಡಿ ಬರೋ ಹೊತ್ತಿಗೆ ಮಗನ ಜೊತೆ ಇದೇ ಜಗಳ.