ಸಿರಿಯಸ್–ಎಕ್ಸ್‌ಎಂ: ಒಂದಾದ ಕಂಪನಿ, ಒಂದಾಗದ ರೇಡಿಯೊ

ಅಮೆರಿಕದಲ್ಲಿ ಉಪಗ್ರಹ ರೇಡಿಯೊ ಇರುವ ಕಾರು ಮೇಲ್ಸೇತುವೆಯ ಕೆಳಗೆ ಹಾದುಹೋದರೆ ಹಾಡು ನಿಲ್ಲುವುದಿಲ್ಲ. ಅದೇ ಸೇತುವೆಯ ಕೆಳಗೆ ಕೆಂಪು ದೀಪಕ್ಕೆ ನಿಂತರೆ, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಷ್ಟರಲ್ಲಿ ನಿಂತುಬಿಡುತ್ತದೆ. ಕಾರಣ ಸರಳ. ಒಂದೇ ಹಾಡನ್ನು ಎರಡು ಉಪಗ್ರಹಗಳು ಕಳಿಸುತ್ತವೆ, ಅದರಲ್ಲೊಂದು ಬೇಕೆಂದೇ ಸುಮಾರು 4 ಸೆಕೆಂಡ್ ತಡವಾಗಿ. ಮೊದಲು ಬಂದದ್ದನ್ನು ರಿಸೀವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ತಡವಾಗಿ ಬರುವುದಕ್ಕೆ ಹೊಂದಿಸಿ ನುಡಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು 4 ಸೆಕೆಂಡಿಗೆ ಸುಮಾರು 67 ಮೀಟರ್ ಸಾಗುತ್ತದೆ. ಸೇತುವೆಯ ಅಗಲ 30 ಮೀಟರ್ ಇದ್ದರೆ, ಕೂಡಿಟ್ಟ ದಾಸ್ತಾನು ಖಾಲಿಯಾಗುವ ಮೊದಲೇ ಕಾರು ಆಚೆ ಬಂದಿರುತ್ತದೆ. ನಿಂತರೆ ಮಾತ್ರ ದಾಸ್ತಾನು ಮುಗಿದು ಮೌನ.

ಚಂದಾ ಪಡೆದು ಉಪಗ್ರಹದಿಂದ ಕಾರುಗಳಿಗೆ ರೇಡಿಯೊ ಕೇಳಿಸುತ್ತಿದ್ದ ಅಮೆರಿಕದ ಎರಡು ಕಂಪನಿಗಳಲ್ಲಿ ಈ ಉಪಾಯವನ್ನು ಎಕ್ಸ್‌ಎಂ ಬಳಸಿತು, ಸಿರಿಯಸ್ ಕೂಡ ಬಳಸಿತು. ಆದರೆ ಒಬ್ಬರ ರೇಡಿಯೊಗೆ ಇನ್ನೊಬ್ಬರ ದನಿ ಕೇಳಿಸುತ್ತಿರಲಿಲ್ಲ. 2007ರ ಫೆಬ್ರವರಿ 19ರಂದು ಎರಡೂ ಕಂಪನಿಗಳು ವಿಲೀನವಾಗುತ್ತೇವೆ ಎಂದು ಘೋಷಿಸಿದಾಗ ಶುರುವಾದ ವಾದ 17 ತಿಂಗಳು ನಡೆಯಿತು. ಏಕಸ್ವಾಮ್ಯ, ದರ, ಹಾಡು ತುಂಬಿಟ್ಟು ಕೇಳುವ ಆಪಲ್‌ನ ಪುಟ್ಟ ಸಾಧನ ಐಪಾಡ್ ಎಲ್ಲವೂ ಚರ್ಚೆಗೆ ಬಂದವು. ವಾಸ್ತವದಲ್ಲಿ ವಿಲೀನಕ್ಕೆ ಬಿಡಬಹುದೇ ಎಂಬ ಪ್ರಶ್ನೆಯನ್ನು ಆಗಲೇ ಇತ್ಯರ್ಥ ಮಾಡಿಬಿಟ್ಟಿದ್ದದ್ದು ಡ್ಯಾಶ್‌ಬೋರ್ಡಿನೊಳಗಿನ ಒಂದು ಚಿಪ್.

ಕತೆಯ ಬುಡ 1997ರ ಏಪ್ರಿಲ್‌ನ ಹರಾಜಿನಲ್ಲಿದೆ. ಅಮೆರಿಕದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಎಸ್ ಬ್ಯಾಂಡ್ ಎಂಬ ತರಂಗಾಂತರ ಪಟ್ಟಿಯಲ್ಲಿ 25 ಮೆಗಾಹರ್ಟ್ಸ್ ಜಾಗ ತೆಗೆದು ಎರಡು ಸಮಪಾಲು ಮಾಡಿತು. 2320ರಿಂದ 2332.5ರವರೆಗಿನ ಪಾಲು ಆಗ ಸಿ.ಡಿ. ರೇಡಿಯೊ ಎಂಬ ಹೆಸರಿದ್ದ ಸಿರಿಯಸ್‌ಗೆ, ಅಲ್ಲಿಂದ 2345ರವರೆಗಿನದು ಎಕ್ಸ್‌ಎಂಗೆ. ಒಬ್ಬರು ಕೊಟ್ಟದ್ದು 8 ಕೋಟಿ 33 ಲಕ್ಷ ಡಾಲರ್, ಇನ್ನೊಬ್ಬರು ಸುಮಾರು 9 ಕೋಟಿ. ಲೈಸೆನ್ಸ್ ಜೊತೆಗೆ ಎರಡು ಮಾತು ಬರೆದಿದ್ದರು. ಒಂದು, ಇವರಿಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಳ್ಳುವಂತಿಲ್ಲ. ಎರಡು, ಎರಡೂ ಸೇವೆಗಳನ್ನು ಹಿಡಿಯಬಲ್ಲ ರಿಸೀವರ್ ವಿನ್ಯಾಸವಾಗಬೇಕು. ಎರಡನೆಯದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿದ್ದರೆ ಮೊದಲನೆಯದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ ಎಂಬುದು ಈ ಲೇಖನದ ವಾದ.

ಅಕ್ಕಪಕ್ಕದ ತರಂಗಾಂತರ, ಒಂದೇ ವ್ಯಾಪಾರ. ಆದರೆ ಎಂಜಿನಿಯರಿಂಗ್ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ.

ಎಕ್ಸ್‌ಎಂ ಭೂಸ್ಥಿರ ಕಕ್ಷೆ ಹಿಡಿಯಿತು, ಅಂದರೆ ಭೂಮಿಯ ಜೊತೆಜೊತೆಗೇ ಸುತ್ತುವ ಉಪಗ್ರಹ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಕಕ್ಷೆ. 2001ರಲ್ಲಿ ಹಾರಿಸಿದ ಎರಡು ಬೋಯಿಂಗ್ 702 ಉಪಗ್ರಹಗಳಿಗೆ ‘ರಾಕ್’, ‘ರೋಲ್’ ಎಂದು ಹೆಸರು. ಅವು ಸಮಭಾಜಕ ವೃತ್ತದ ಮೇಲೆ, ಪಶ್ಚಿಮ ರೇಖಾಂಶ 85 ಮತ್ತು 115 ಡಿಗ್ರಿಗಳಲ್ಲಿ ನಿಂತವು. ಸಮಭಾಜಕದ ಮೇಲಿರುವ ಉಪಗ್ರಹ ಉತ್ತರದ ಊರುಗಳಿಗೆ ತಗ್ಗಿನಲ್ಲೇ ಕಾಣುತ್ತದೆ. ನ್ಯೂಯಾರ್ಕಿನಿಂದ ನೋಡಿದರೆ 115 ಡಿಗ್ರಿಯ ಉಪಗ್ರಹ ದಿಗಂತದಿಂದ ಬರೀ 27 ಡಿಗ್ರಿ ಮೇಲೆ. ಅಷ್ಟು ತಗ್ಗಿನಿಂದ ಬರುವ ಕಿರಣಕ್ಕೆ 12 ಮೀಟರ್ ಎತ್ತರದ ನಾಲ್ಕಂತಸ್ತಿನ ಕಟ್ಟಡ ಅಡ್ಡ ಬಂದರೆ, ಅದರ ಹಿಂದೆ 23–24 ಮೀಟರ್ ಉದ್ದದ ರೇಡಿಯೊ ನೆರಳು ಬೀಳುತ್ತದೆ. ರಸ್ತೆಯೇ ಆ ನೆರಳಿನಲ್ಲಿ ಮುಳುಗುತ್ತದೆ. ಹಾಗಾಗಿ ನಗರಗಳಲ್ಲಿ ಅದೇ ಕಾರ್ಯಕ್ರಮವನ್ನು ನೆಲದಿಂದ ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನು ಎಕ್ಸ್‌ಎಂ ನೆಟ್ಟಿತು, ದೇಶದಾದ್ಯಂತ ಸುಮಾರು 800.

ಸಿರಿಯಸ್ ಬೇರೆ ದಾರಿ ಹಿಡಿಯಿತು. 2000ದಲ್ಲಿ ಕಜಕಸ್ತಾನದ ಬೈಕನೂರಿನಿಂದ ರಷ್ಯಾದ ಪ್ರೋಟಾನ್ ರಾಕೆಟ್‌ಗಳಲ್ಲಿ ಹೋದ ಅದರ ಮೂರು ಉಪಗ್ರಹಗಳು ‘ಟುಂಡ್ರಾ’ ಎಂಬ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಸುತ್ತಿದವು. ಒಂದು ಸುತ್ತಿಗೆ 24 ಗಂಟೆ, ಸಮಭಾಜಕಕ್ಕೆ ಕಕ್ಷೆಯ ವಾಲು ಸುಮಾರು 63 ಡಿಗ್ರಿ. ಭೂಮಿಯಿಂದ ದೂರವಿದ್ದಾಗ ಉಪಗ್ರಹ ನಿಧಾನ, ಹತ್ತಿರ ಬಂದಾಗ ವೇಗ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಖಗೋಳಜ್ಞ ಕೆಪ್ಲರ್ ಹೇಳಿದ್ದು ಇದನ್ನೇ. ಆ ನಿಧಾನದ ಭಾಗವನ್ನು ಉತ್ತರ ಅಮೆರಿಕದ ನೆತ್ತಿಯ ಮೇಲೆ ಬರುವಂತೆ ಹೊಂದಿಸಿದ್ದರು. ದಿನದ 16 ಗಂಟೆ ಪ್ರತಿಯೊಂದೂ ಸಮಭಾಜಕದ ಉತ್ತರಕ್ಕಿರುತ್ತಿತ್ತು, ಮೂರರಲ್ಲಿ ಎರಡು ಸದಾ ಕೆಲಸದಲ್ಲಿರುತ್ತಿದ್ದವು. ಸಂಕೇತ ಸುಮಾರು 60 ಡಿಗ್ರಿ ಎತ್ತರದಿಂದ ಇಳಿಯುವುದರಿಂದ ಅದೇ ನಾಲ್ಕಂತಸ್ತಿನ ಕಟ್ಟಡದ ನೆರಳು 7 ಮೀಟರಿಗೆ ಕುಗ್ಗುತ್ತದೆ. ರಿಪೀಟರ್‌ಗಳು ನೂರರ ಆಸುಪಾಸಿನಲ್ಲಿದ್ದರೆ ಸಾಕಾಯಿತು. ಎಂಜಿನಿಯರಿಂಗ್ ಕಣ್ಣಿಗೆ ಇದೇ ಹೆಚ್ಚು ಸೊಗಸಾದ ಉತ್ತರ. ಆದರೆ ಉಪಗ್ರಹ ದಿನವಿಡೀ ಜಾಗ ಬದಲಿಸುವುದರಿಂದ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡುವ ಹಸ್ತಾಂತರ ಸದಾ ನಡೆಯುತ್ತಿರಬೇಕು. ಮನೆಯ ಕಿಟಕಿಯಲ್ಲಿ ಒಮ್ಮೆ ತಿರುಗಿಸಿಟ್ಟು ಮರೆಯುವ ಆಂಟೆನಾಕ್ಕೂ ಇದು ಒಗ್ಗುವುದಿಲ್ಲ.

ಎಕ್ಸ್‌ಎಂಗೆ ಬೇರೊಂದು ಕಂಟಕ. ಆ ಬೋಯಿಂಗ್ ಉಪಗ್ರಹಗಳ ಸೌರಫಲಕಗಳ ಇಬ್ಬದಿಗೂ ಬಿಸಿಲನ್ನು ಒಟ್ಟುಗೂಡಿಸುವ ಕನ್ನಡಿ ಹಾಳೆಗಳಿದ್ದವು. ಕಾಲ ಕಳೆದಂತೆ ಅವುಗಳಿಗೆ ಮಬ್ಬು ಕವಿದು ವಿದ್ಯುತ್ ಇಳಿಯತೊಡಗಿತು. ಹದಿನೈದು ವರ್ಷ ಬಾಳಬೇಕಾದ ಜೋಡಿಯ ಬದಲಿಗೆ 2005 ಮತ್ತು 2006ರಲ್ಲೇ ‘ರಿದಂ’, ‘ಬ್ಲೂಸ್’ ಎಂಬ ಹೊಸ ಜೋಡಿಯನ್ನು ಹಾರಿಸಬೇಕಾಯಿತು. ಹಣ ಸೋರಿಹೋಗಲು ಒಂದು ದಾರಿ ಇದು.

ಈಗ ಚಿಪ್‌ನ ಲೆಕ್ಕ. 12.5 ಮೆಗಾಹರ್ಟ್ಸ್ ದೊಡ್ಡ ಹೊಲದಂತೆ ಕಂಡರೂ ಅದನ್ನು ಮೂರು ಪಟ್ಟಿ ಮಾಡಬೇಕು. ಮೊದಲ ಉಪಗ್ರಹಕ್ಕೊಂದು, ಎರಡನೆಯದಕ್ಕೊಂದು, ನೆಲದ ರಿಪೀಟರ್‌ಗಳಿಗೊಂದು. ಮೂರರಲ್ಲೂ ಹರಿಯುವುದು ಒಂದೇ ಮಾಹಿತಿ. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸಲು ಸೇರಿಸುವ ಹೆಚ್ಚುವರಿ ಬಿಟ್‌ಗಳನ್ನೂ ಕಳೆದರೆ ಕೊನೆಗೆ ಉಳಿಯುವುದು ಸೆಕೆಂಡಿಗೆ ಸುಮಾರು 4 ಮೆಗಾಬಿಟ್. ಅದನ್ನು ನೂರು ದಾಟಿದ ಚಾನೆಲ್‌ಗಳಿಗೆ ಹಂಚಬೇಕು, ಸರಾಸರಿ ಒಂದಕ್ಕೆ 30–40 ಕಿಲೋಬಿಟ್. ಸಿ.ಡಿ.ಯಲ್ಲಿ ಇದೇ ಲೆಕ್ಕ 1,411 ಕಿಲೋಬಿಟ್. ಅಷ್ಟು ಹಿಂಡಿ ತೆಗೆಯಲು ಎಕ್ಸ್‌ಎಂ ಎಎಸಿ ಪ್ಲಸ್ ಎಂಬ ಕೋಡೆಕ್, ಅಂದರೆ ದನಿಯನ್ನು ಹಿಂಡಿ ಮತ್ತೆ ಬಿಡಿಸುವ ವಿಧಾನ, ಬಳಸಿತು, ಸಿರಿಯಸ್ ಲೂಸೆಂಟ್ ಕಂಪನಿಯ ಪಿಎಸಿ ಆರಿಸಿತು. ಪಟ್ಟಿಗಳ ಜೋಡಣೆ ಬೇರೆ, ಕೋಡೆಕ್ ಬೇರೆ, ಚಂದಾ ಕಟ್ಟಿದವರನ್ನು ಗುರುತಿಸುವ ಗೂಢಲಿಪಿ ಬೇರೆ. ಇದೆಲ್ಲ ಚಿಪ್‌ನಲ್ಲೇ ಕೆತ್ತಿದ್ದು. ಸಾಫ್ಟ್‌ವೇರ್ ಬದಲಿಸಿ ಒಂದನ್ನು ಇನ್ನೊಂದಾಗಿಸಲು ಬರುವುದಿಲ್ಲ.

ವಿಲೀನದ ಪರವಾಗಿ ಹೇಳುತ್ತಿದ್ದ ‘ಎರಡು ಜಾಲದ ಬದಲು ಒಂದೇ ಸಾಕು’ ಎಂಬ ಮಾತು ಮುಗ್ಗರಿಸುವುದು ಇಲ್ಲಿಯೇ. 2006ರ ಕೊನೆಗೆ ಎಕ್ಸ್‌ಎಂಗೆ 76 ಲಕ್ಷ, ಸಿರಿಯಸ್‌ಗೆ 60 ಲಕ್ಷ ಚಂದಾದಾರರಿದ್ದರು. ಒಂದು ಜಾಲ ಮುಚ್ಚಿದರೆ ಅತ್ತಲಿನ ಅಷ್ಟೂ ಕಾರುಗಳ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಯಾರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಉಳಿತಾಯ ಬರಬೇಕಾದದ್ದು ಆಕಾಶದಿಂದಲ್ಲ, ಸ್ಟುಡಿಯೊ, ಜಾಹೀರಾತು ಮತ್ತು ತಾರೆಯರ ಸಂಭಾವನೆಯಿಂದ. ಆ ಸಂಭಾವನೆಯೇನು ಕಡಿಮೆಯೇ! ಹೊವಾರ್ಡ್ ಸ್ಟರ್ನ್ ಎಂಬ ಒಬ್ಬ ನಿರೂಪಕನಿಗಾಗಿ ಸಿರಿಯಸ್ 5 ವರ್ಷಕ್ಕೆ 50 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಬೇಸ್‌ಬಾಲ್ ಪ್ರಸಾರಕ್ಕೆ ಎಕ್ಸ್‌ಎಂ 11 ವರ್ಷಕ್ಕೆ 65 ಕೋಟಿ ಒಪ್ಪಿತು. ತಿಂಗಳಿಗೆ 12.95 ಡಾಲರ್ ಚಂದಾದಲ್ಲಿ ಇದನ್ನೆಲ್ಲ ಕಟ್ಟಿ ಮುಗಿಸುವುದೆಲ್ಲಿ? 2006ರಲ್ಲಿ ಸಿರಿಯಸ್‌ನ ನಷ್ಟ 110 ಕೋಟಿ ಡಾಲರ್, ಎಕ್ಸ್‌ಎಂನದು ಸುಮಾರು 72 ಕೋಟಿ.

ಇಬ್ಬರಿಂದ ಒಬ್ಬರಾದರೆ ಅದು ಏಕಸ್ವಾಮ್ಯವಲ್ಲವೇ? 2002ರಲ್ಲಿ ಎಕೋಸ್ಟಾರ್ ಮತ್ತು ಡೈರೆಕ್‌ಟಿವಿ ಎಂಬ ಎರಡು ಉಪಗ್ರಹ ಟಿ.ವಿ. ಕಂಪನಿಗಳು ಒಂದಾಗಲು ಹೊರಟಾಗ ಎಫ್‌ಸಿಸಿ ಬೇಡವೆಂದಿತ್ತು. ಈ ಬಾರಿ ರಂಗದಲ್ಲಿ ಪಾತ್ರಗಳು ಅದಲುಬದಲಾಗಿದ್ದವು. ಉಪಗ್ರಹ ರೇಡಿಯೊ ನಮ್ಮ ಹೊಟ್ಟೆಗೆ ಹೊಡೆಯುತ್ತದೆ ಎಂದು ವರ್ಷಗಟ್ಟಲೆ ದೂರಿದ್ದ ಎಫ್‌ಎಂ ಪ್ರಸಾರಕರ ಸಂಘ, ಅದು ನಮ್ಮ ಮಾರುಕಟ್ಟೆಯೇ ಅಲ್ಲ, ಇಬ್ಬರೇ ಇರುವ ಪ್ರತ್ಯೇಕ ಮಾರುಕಟ್ಟೆ ಎಂದು ವಾದಿಸಿತು. ಪರಸ್ಪರ ಕತ್ತಿ ಮಸೆದಿದ್ದ ಎರಡು ಕಂಪನಿಗಳು, ನಮ್ಮ ನಿಜವಾದ ಎದುರಾಳಿ ಎಫ್‌ಎಂ ಮತ್ತು ಐಪಾಡ್ ಎಂದವು. ಎರಡೂ ಕಡೆಯ ವಕೀಲರು ನಗದೆ ಹೇಗೆ ಓದಿದರೋ.

2008ರ ಮಾರ್ಚ್ 24ರಂದು ಅಮೆರಿಕದ ನ್ಯಾಯ ಇಲಾಖೆ ತನಿಖೆ ಮುಚ್ಚಿದಾಗ ಕೊಟ್ಟ ಕಾರಣಗಳಲ್ಲಿ ಗಟ್ಟಿಯಾದದ್ದು ಬೇರೆಯೇ ಇತ್ತು. ಒಮ್ಮೆ ರೇಡಿಯೊ ಕೊಂಡವನು ಇನ್ನೊಂದು ಸೇವೆಗೆ ಹೋಗಬೇಕಾದರೆ ಇನ್ನೊಂದು ರೇಡಿಯೊ ಕೊಳ್ಳಬೇಕು, ಆದ್ದರಿಂದ ಹಳೆಯ ಚಂದಾದಾರರಿಗಾಗಿ ಈ ಇಬ್ಬರ ನಡುವೆ ಹೇಳಿಕೊಳ್ಳುವಂಥ ಸ್ಪರ್ಧೆಯೇ ಇಲ್ಲ. ಹೊಸ ಚಂದಾದಾರರು ಹೆಚ್ಚಾಗಿ ಬರುವುದು ಹೊಸ ಕಾರಿನ ಮೂಲಕ. ಜನರಲ್ ಮೋಟಾರ್ಸ್, ಹೋಂಡಾ ಕಾರಿನಲ್ಲಿ ಎಕ್ಸ್‌ಎಂ, ಫೋರ್ಡ್, ಕ್ರೈಸ್ಲರ್, ಬಿಎಂಡಬ್ಲ್ಯೂ ಕಾರಿನಲ್ಲಿ ಸಿರಿಯಸ್, ಹಲವು ವರ್ಷಗಳ ಕರಾರಿನ ಮೇಲೆ. ಕೇಳುಗ ಶೋರೂಮಿಗೆ ಕಾಲಿಡುವ ಮೊದಲೇ ಆಯ್ಕೆ ಮುಗಿದಿರುತ್ತಿತ್ತು. ಇಲ್ಲದ ಸ್ಪರ್ಧೆಯನ್ನು ವಿಲೀನ ಕೊಲ್ಲುವುದಾದರೂ ಹೇಗೆ?

ತರ್ಕ ಸರಿಯೇ. ಆದರೆ ಆ ಸ್ಪರ್ಧೆಯನ್ನು ಕೊಂದವರು ಯಾರು? 2000ದಲ್ಲಿ ಎರಡೂ ಕಂಪನಿಗಳು ಎರಡನ್ನೂ ಹಿಡಿಯುವ ರಿಸೀವರ್ ಮಾಡುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದ್ದವು, ಅದಕ್ಕಾಗಿ ಜಂಟಿ ಸಂಸ್ಥೆಯನ್ನೂ ಕಟ್ಟಿದ್ದವು. ವಿಲೀನದವರೆಗೂ ಆ ಪೆಟ್ಟಿಗೆ ಅಂಗಡಿಗೆ ಬರಲಿಲ್ಲ. ತಾಂತ್ರಿಕ ತೊಡಕು ಇತ್ತು, ಆದರೆ ಬಿಡಿಸಲಾಗದ್ದಲ್ಲ. ಆಂಟೆನಾ ಎರಡೂ ಬ್ಯಾಂಡಿಗೆ ಒಂದೇ ಆಗಬಹುದಿತ್ತು, ಇಬ್ಬರ ಚಿಪ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ್ದರೆ ಆಗುತ್ತಿತ್ತು. ತಡೆದದ್ದು ಸಬ್ಸಿಡಿ. ರೇಡಿಯೊ ಅಗ್ಗವಾಗಲೆಂದು ಪ್ರತಿ ಪೆಟ್ಟಿಗೆಗೂ ಕಂಪನಿ ತನ್ನ ಕೈಯಿಂದ ಹಣ ಹಾಕುತ್ತಿತ್ತು. ನಾನು ಹಣ ಹಾಕಿದ ಪೆಟ್ಟಿಗೆಯಲ್ಲಿ ಕೇಳುಗ ನಾಳೆ ಎದುರಾಳಿಗೆ ಚಂದಾ ಕಟ್ಟಿದರೆ? ಹೀಗೆ ಇಬ್ಬರೂ ಕೈ ಹಿಂದೆಗೆದರು, ಎಫ್‌ಸಿಸಿ ನೋಡುತ್ತ ಕೂತಿತು.

2008ರ ಜುಲೈ 25ರಂದು ಎಫ್‌ಸಿಸಿ 3–2 ಮತಗಳಿಂದ ಒಪ್ಪಿಗೆ ಕೊಟ್ಟಿತು. ಷರತ್ತುಗಳಲ್ಲೊಂದು, 9 ತಿಂಗಳಲ್ಲಿ ಎರಡನ್ನೂ ಹಿಡಿಯುವ ರಿಸೀವರ್ ಮಾರುಕಟ್ಟೆಗೆ ಬರಬೇಕು! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಂಪನಿ ಒಂದೇ ಆದ ಮೇಲೆ ಎರಡನ್ನೂ ಹಿಡಿಯುವ ಪೆಟ್ಟಿಗೆಯಿಂದ ಕೇಳುಗನಿಗೆ ಚೌಕಾಶಿಯ ಬಲ ಬರುವುದಿಲ್ಲ. ಬೇಕಾದ 50 ಚಾನೆಲ್ ಆರಿಸಿಕೊಂಡು 6.99 ಡಾಲರ್ ಕಟ್ಟುವ ಯೋಜನೆಯೂ ಇತ್ತು, ಆದರೆ ಹಳೆಯ ರೇಡಿಯೊದಲ್ಲಿ ಅದು ನಡೆಯದು, ಹೊಸದನ್ನು ಕೊಳ್ಳಬೇಕು. ಮೂರು ವರ್ಷ ಮೂಲದರ ಏರಿಸುವಂತಿಲ್ಲ ಎಂಬ ಷರತ್ತನ್ನು ಕಂಪನಿ ಪಾಲಿಸಿತು, ಸಂಗೀತದ ರಾಯಲ್ಟಿಯನ್ನು ಮಾತ್ರ ಬೇರೆ ಸಾಲಾಗಿ ಬಿಲ್ಲಿಗೆ ಸೇರಿಸಿತು. ಎರಡನೇ ರೇಡಿಯೊದ ಚಂದಾ 6.99ರಿಂದ 8.99ಕ್ಕೆ ಏರಿತು. ಷರತ್ತಿನ ಅವಧಿ ಮುಗಿದ ಮೇಲೆ, 2012ರ ಜನವರಿಯಲ್ಲಿ, ಮೂಲದರ 14.49 ಆಯಿತು.

ಒಪ್ಪಿಗೆಯ ಜೊತೆಗೆ ದಂಡವೂ ಬಿತ್ತು, ಒಟ್ಟು ಸುಮಾರು 1 ಕೋಟಿ 97 ಲಕ್ಷ ಡಾಲರ್. ಅನುಮತಿ ಇಲ್ಲದ ಜಾಗದಲ್ಲಿ, ಅನುಮತಿ ಮೀರಿದ ಶಕ್ತಿಯಲ್ಲಿ ರಿಪೀಟರ್ ನಡೆಸಿದ್ದು ಒಂದು ತಪ್ಪು. ಇನ್ನೊಂದು ಬಿಡಿ ರೇಡಿಯೊಗಳದ್ದು. ಅವು ಹಾಡನ್ನು ಪುಟ್ಟ ಎಫ್‌ಎಂ ಪ್ರಸಾರವಾಗಿ ಕಾರಿನ ಹಳೆಯ ರೇಡಿಯೊಗೆ ದಾಟಿಸುತ್ತವೆ. ಆ ಪ್ರಸಾರ ಕಾರಿನೊಳಗೇ ಮುಗಿಯಬೇಕು. ಶಕ್ತಿ ಮಿತಿ ಮೀರಿದರೆ ಪಕ್ಕದ ಲೇನಿನ ಕಾರಿನವನು ಕೇಳುತ್ತಿದ್ದ ಸ್ಟೇಷನ್ನಿನ ಮೇಲೆ ಇದು ಹತ್ತಿ ಕೂರುತ್ತದೆ.

ಹಾಗಾದರೆ ಒಂದಾಗಬೇಕಿತ್ತೇ? ಆ ಹೊತ್ತಿಗೆ ಹೌದು. ವಿಲೀನವಾದ ಮೇಲೂ 2009ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯ ಅಂಚಿನಲ್ಲಿತ್ತು, ಷೇರು 5 ಸೆಂಟಿಗೆ ಬಿದ್ದಿತ್ತು. ಲಿಬರ್ಟಿ ಮೀಡಿಯಾ ಎಂಬ ಮಾಧ್ಯಮ ಕಂಪನಿ 53 ಕೋಟಿ ಡಾಲರ್ ಸಾಲ ಕೊಟ್ಟು 40 ಶೇಕಡಾ ಪಾಲು ತೆಗೆದುಕೊಂಡದ್ದರಿಂದ ಉಳಿಯಿತು. ಒಂದಾಗದಿದ್ದರೆ ಒಬ್ಬರಾದರೂ ಮುಳುಗುತ್ತಿದ್ದರು, ಅವರ ಲಕ್ಷಾಂತರ ಚಂದಾದಾರರ ಪೆಟ್ಟಿಗೆಗಳೂ ಜೊತೆಗೇ. ಐಪಾಡ್ ವಾದವೂ ಪೂರ್ತಿ ನೆಪವಲ್ಲ ಎಂದು ಬೇಗ ತಿಳಿಯಿತು. ಎಫ್‌ಸಿಸಿ ಮತಕ್ಕೆ ಹದಿನೈದು ದಿನ ಮೊದಲು, ಜುಲೈ 10ರಂದು, ಆಪಲ್‌ನ ಆಪ್ ಸ್ಟೋರ್ ತೆರೆದಿತ್ತು, ಮೊದಲ ದಿನವೇ ಅದರಲ್ಲಿ ಇಂಟರ್ನೆಟ್ ಮೂಲಕ ಹಾಡು ಕೇಳಿಸುವ ಪ್ಯಾಂಡೋರಾ ಇತ್ತು. 2012ರ ದರ ಏರಿಕೆಯ ನಂತರವೂ ಚಂದಾದಾರರು 3 ಕೋಟಿ ದಾಟಿದರು. ಆಕಾಶದಲ್ಲಿ ಮಾತ್ರ ಎರಡು ಮನೆ ಹಾಗೇ ಉಳಿಯಿತು. 2009 ಮತ್ತು 2013ರಲ್ಲಿ ಸಿರಿಯಸ್ ಬದಿಗೆ, 2010ರಲ್ಲಿ ಎಕ್ಸ್‌ಎಂ ಬದಿಗೆ ಉಪಗ್ರಹ ಹಾರಿದವು. ಸೊಗಸಾದ ಆ ಟುಂಡ್ರಾ ಕಕ್ಷೆಯನ್ನು ಕೈಬಿಟ್ಟು ಸಿರಿಯಸ್ ಕೂಡ ಭೂಸ್ಥಿರಕ್ಕೆ ಬಂದಿತು.

ಚಿಪ್‌ಗೆ ಕಟ್ಟಿಹಾಕಿದ ರೇಡಿಯೊ ಒಂಟಿ ಕಂಪನಿಯ ಕೈಯಲ್ಲಿದ್ದರೆ ಏನಾಗುತ್ತದೆಂದು ಬೆಂಗಳೂರು ಹತ್ತಿರದಿಂದ ಕಂಡಿದೆ. ಎಕ್ಸ್‌ಎಂನ ಆರಂಭದ ಪಾಲುದಾರನಾಗಿದ್ದ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಕಂಪನಿ ತನ್ನ ಭಾರತದ ವ್ಯವಹಾರವನ್ನು ಇಲ್ಲಿಂದಲೇ ನಡೆಸಿತು. ಅದರ ಏಷ್ಯಾಸ್ಟಾರ್ ಉಪಗ್ರಹ ಪೂರ್ವ ರೇಖಾಂಶ 105 ಡಿಗ್ರಿಯಲ್ಲಿ. ಬೆಂಗಳೂರಿನಲ್ಲಿ ಅಂಗೈಯಗಲದ ಆಂಟೆನಾವನ್ನು ಪೂರ್ವಕ್ಕೆ, ತುಸು ಆಗ್ನೇಯಕ್ಕೆ, 55 ಡಿಗ್ರಿ ಮೇಲಕ್ಕೆ ಮುಖ ಮಾಡಿಟ್ಟರೆ ಕರ್ನಾಟಕ ಸಂಗೀತದ ‘ಶ್ರುತಿ’, ಹಿಂದೂಸ್ತಾನಿಯ ‘ಗಂಧರ್ವ’, ಕನ್ನಡದ ‘ಸ್ಪರ್ಶ’ ಬರುತ್ತಿದ್ದವು. ಕಿಟಕಿ ಪಶ್ಚಿಮಕ್ಕಿದ್ದವರು ಉದ್ದನೆಯ ಕೇಬಲ್ ಎಳೆಯಬೇಕಿತ್ತು. ನೆಲದ ರಿಪೀಟರ್‌ಗಳಿಲ್ಲದ್ದರಿಂದ ಕಾರಿಗೆ ಅದು ಹತ್ತಲೇ ಇಲ್ಲ, ಮನೆಯ ಕೇಳುಗರ ಚಂದಾದಲ್ಲಿ ಉಪಗ್ರಹದ ಸಾಲ ತೀರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ, 2009ರ ಡಿಸೆಂಬರ್ 31ರಂದು ಭಾರತದ ಸೇವೆ ಬಂದ್. ಒಂದಾಗಲು ಪಕ್ಕದಲ್ಲಿ ಇನ್ನೊಬ್ಬ ಇರಲಿಲ್ಲ. ಆ ಪೆಟ್ಟಿಗೆಗಳು ಬೇರೆ ಯಾವ ಉಪಗ್ರಹದ ರೇಡಿಯೊವನ್ನೂ ಹಿಡಿಯಲಾರದೆ ಅಟ್ಟ ಸೇರಿದವು.